ಪಾಕ್ ಲಾತಿಪ್ ಕಳಿಸಿದ ಅರ್ಧ ಪದ್ಯ

ಪಾಸಿರ್ ಲೆಬಾರ್ ಊರಿನಲ್ಲಿ ಪ್ರೇಮಕ್ಕೆ ಸಂಬಂಧಪಟ್ಟ ಸಕಲ ವ್ಯವಹಾರಗಳೂ ಪಾಕ್ ಲಾತಿಪ್ ಅವರ ಜಗುಲಿಯ ಮೇಲೇ ತೀರ್ಮಾನವಾಗುತ್ತಿದ್ದವು. ಹಿರಿಯರನ್ನು ಅಲ್ಲಿ ಪಾಕ್ ಎನ್ನುತ್ತಾರೆ; ಅವರಿಗೆ ಐವತ್ತೆಂಟು ವರ್ಷ. ಮದುವೆಯಾಗಿರಲಿಲ್ಲ. ಇದನ್ನು ಊರಿನವರು ಯಾರೂ ಒಂದು ಕೊರತೆಯೆಂದು ಎಣಿಸಿರಲಿಲ್ಲ. ನ್ಯಾಯಾಧೀಶರು ಮೊದಲು ನಾಲ್ಕು ಕಳ್ಳತನ ಮಾಡಿ ಅನುಭವ ಪಡೆದು ಬರಲಿ ಎಂದು ಯಾರು ತಾನೇ ಕೇಳುತ್ತಾರೆ? ಲಾತಿಪ್ ಅವರು ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಕುಳಿತು ಬೇರೆಯವರ ಕಾಗದಗಳಿಗೆ ಮುದ್ರೆ ಒತ್ತಿ ನಿವೃತ್ತರಾದವರು. ಹೆಂಡತಿ ಮಾತು ಬಿಟ್ಟಿದ್ದರೆ ಅದಕ್ಕೊಂದು ಪಂತುನ್, ಹುಡುಗಿ ತಿರುಗಿ ನೋಡದಿದ್ದರೆ ಅದಕ್ಕೊಂದು ಪಂತುನ್, ನೋಡಿದ ಮೇಲೆ ಏನು ಮಾಡುವುದೆಂದು ತಿಳಿಯದಿದ್ದರೆ ಅದಕ್ಕೆ ಎರಡು ಪಂತುನ್ ಅವರ ಬಳಿ ಸಿದ್ಧವಿರುತ್ತಿದ್ದವು. ಹೆಣ್ಣು ಕೇಳಲು ಹೋಗುವಾಗ ಗಂಡಿನ ಕಡೆಯಿಂದ ಪಂತುನ್ ಹೇಳಿ ಮಾತಾಡುವವರು ಬೇಕಲ್ಲ, ಆ ಹುದ್ದೆಯೂ ಅವರದೇ. ಅವರು ಮಾತಾಡಿಕೊಟ್ಟ ಸಂಬಂಧಗಳಲ್ಲಿ ಒಂದೂ ತಪ್ಪಿಹೋಗಿರಲಿಲ್ಲ.

ಪಂತುನ್ ಎಂದರೆ ನಾಲ್ಕು ಸಾಲು. ಮೊದಲ ಎರಡು ಸಾಲಿಗೆ ನೆರಳು ಎನ್ನುತ್ತಾರೆ. ಅಲ್ಲಿ ಮೀನು ಬರಬಹುದು, ದೋಣಿ ಬರಬಹುದು, ಬಾಳೆಗೊನೆ ಬರಬಹುದು. ಅವಕ್ಕೂ ವಿಷಯಕ್ಕೂ ಸಂಬಂಧವಿಲ್ಲ, ಪ್ರಾಸಕ್ಕಾಗಿ ಬಂದು ಕುಳಿತಿರುತ್ತವೆ. ಹೇಳಬೇಕಾದ ಮಾತು ಬರುವುದು ಕೊನೆಯ ಎರಡು ಸಾಲಿನಲ್ಲಿ. ಆದರೆ ತೀರ ಮರ್ಯಾದಸ್ಥರು ನೆರಳನ್ನಷ್ಟೇ ಹೇಳಿ ಸುಮ್ಮನಾಗುತ್ತಾರೆ. ಉಳಿದದ್ದನ್ನು ಕೇಳಿದವರು ತಾವೇ ತುಂಬಿಕೊಳ್ಳಬೇಕು. ಹಳೆಯ ಪಂತುನ್‌ಗಳು ಎಲ್ಲರಿಗೂ ಬಾಯಿಪಾಠವಾದ್ದರಿಂದ ಇದು ನಡೆದುಕೊಂಡು ಬಂದಿತ್ತು. ಲಾತಿಪ್ ಅವರು ಮಾಡಿದ ತಪ್ಪೆಂದರೆ, ತಾವೇ ಹೊಸದಾಗಿ ಕಟ್ಟಿದ, ಪ್ರಪಂಚದಲ್ಲಿ ಇನ್ನೊಬ್ಬರು ಕೇಳಿರದ ಪಂತುನ್‌ನ ಅರ್ಧವನ್ನು ಒಬ್ಬ ಹೆಂಗಸಿಗೆ ಕಳಿಸಿದ್ದು.

ಆ ಹೆಂಗಸು ರುಬಿಯಾ. ನದಿಯ ಆಚೆ ದಡದಲ್ಲಿ, ದೋಣಿ ಕಟ್ಟುವ ಜಾಗದ ಪಕ್ಕದಲ್ಲೇ ಅವಳ ಅನ್ನದ ಅಂಗಡಿ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಒಬ್ಬಳೇ ಮಗಳು. ಹಿಂದಿನ ವರ್ಷ ಆ ಮಗಳನ್ನು ಇಪೋ ನಗರದ ಹುಡುಗನಿಗೆ ಕೇಳಲು ಹೋದಾಗ ಗಂಡಿನ ಕಡೆಗೆ ಮಾತಾಡಿದವರು ಲಾತಿಪ್ ಅವರೇ. ಸಭೆ ತುಂಬಿತ್ತು, ಎರಡು ಸಾಲು ಗಂಭೀರವಾಗಿ ಹೇಳಿ ಮುಗಿಸಿದ್ದರು, ಅಷ್ಟರಲ್ಲಿ ಹುಡುಗಿಯ ತಾಯಿ ಕಾಫಿ ತಟ್ಟೆ ಹಿಡಿದು ಬಂದಳು. ಲಾತಿಪ್ ಅವರಿಗೆ ಮೂರನೆಯ ಸಾಲು ಮರೆತೇಹೋಯಿತು. ಕೆಮ್ಮಿದರು. ನೀರು ಕೇಳಿದರು. ಕೊನೆಗೆ ಯಾವುದೋ ಶವಸಂಸ್ಕಾರದ ಪಂತುನ್‌ನ ಕೊನೆಯ ಎರಡು ಸಾಲನ್ನು ತಂದು ಜೋಡಿಸಿದರು. ಸಭೆಯಲ್ಲಿದ್ದವರು ಬಹಳ ಗಾಢವಾದ ಅರ್ಥವಿದೆಯೆಂದು ತಲೆದೂಗಿದರು. ಉಡುಗೊರೆಯಾಗಿ ಕೊಟ್ಟ ಶಾಲನ್ನೂ ಮುಟ್ಟದೆ ಲಾತಿಪ್ ಅವರು ಮನೆಗೆ ಓಡಿಬಂದರು.

ಅದಾಗಿ ಕೆಲವು ತಿಂಗಳ ಮೇಲೆ ದೋಣಿ ನಡೆಸುವ ಮುದುಕ ತೋಕ್ ದೆರಾಮಾನ್ ಜಗುಲಿಗೆ ಬಂದು ಎಲೆಯಡಿಕೆ ಮೆಲ್ಲುತ್ತಾ ಒಂದು ಸುದ್ದಿ ಹೇಳಿದ.

"ಕಾಕ್ ರುಬಿಯಾ, ಅದೇ ಆಚೆ ದಡದ ಅಕ್ಕ, ಅಂಗಡಿ ಮುಚ್ತಾಳಂತೆ. ಮಗಳು ಇಪೋಗೆ ಬಾ ಅಂತ ಒಂದೇ ಸಮ ಕರೀತಾ ಇದಾಳೆ. ವರ್ಷದ ಕೊನೆಗೆ ಹೊರಡೋದಂತೆ."

"ಹೋದ್ರೆ ಮತ್ತೆ ಬರಲ್ವಾ?"

"ಮಗಳ ಮನೆಗೆ ಹೋದೋರು ಯಾತಕ್ಕೆ ಬರ್ತಾರೆ. ನನ್ನ ಮಧ್ಯಾಹ್ನದ ಊಟದ ಗತಿ ಏನು ಅಂತ ನನಗೆ ಯೋಚನೆ."

ಲಾತಿಪ್ ಅವರಿಗೂ ಯೋಚನೆಯಾಯಿತು. ಅಂದೇ ಒಳ್ಳೆಯ ಕಾಗದವೊಂದನ್ನು ಹುಡುಕಿ, ಮುದ್ದಾದ ಅಕ್ಷರದಲ್ಲಿ ಹೀಗೆ ಬರೆದರು:

ದುರಿಯಾನ್ ಹುಳಿಯಲಿ ಪಾತಿನ್ ಮೀನು,
ಬಿದಿರಿನ ಕಳಲೆಯೂ ಜತೆಗಿರಲಿ

ಕೆಳಗೆ "ಈಚೆ ದಡದ ಲಾತಿಪ್" ಎಂದು ಸಹಿ ಹಾಕಿದರು. ಉಳಿದ ಎರಡು ಸಾಲು, ಎಂದರೆ "ದಡದ ಈಚೆಗೆ ಕಾದಿಹೆ ನಾನು, ನಿನ್ನಯ ದೋಣಿ ಇತ್ತ ಬರಲಿ" ಎಂಬುದು, ಅವರ ಎದೆಯಲ್ಲೇ ಉಳಿಯಿತು.

ಕಾಗದ ಒದ್ದೆಯಾಗದಿರಲೆಂದು ತೋಕ್ ದೆರಾಮಾನ್ ಅದನ್ನು ತನ್ನ ಟೋಪಿಯೊಳಗೆ ಸಿಕ್ಕಿಸಿಕೊಂಡ. ಆ ಟೋಪಿಯೊಳಗೆ ಆಗಲೇ ಏಳು ಚೀಟಿಗಳಿದ್ದವು. ಈಚೆ ದಡದ ಶಾಲೆಯ ಮೇಷ್ಟ್ರುಗಳು, ಆಸ್ಪತ್ರೆಯ ನರ್ಸು, ಮರದ ಮಿಲ್ಲಿನವರು ಎಲ್ಲರೂ ಮಧ್ಯಾಹ್ನದ ಊಟಕ್ಕೆ ಏನೇನು ಬೇಕೆಂದು ಬರೆದು ಬೆಳಿಗ್ಗೆ ದೋಣಿಯಲ್ಲಿ ಕಳಿಸುವುದು, ರುಬಿಯಾ ಅಡುಗೆ ಮಾಡಿ ಕ್ಯಾರಿಯರ್ ಡಬ್ಬಿಗಳಲ್ಲಿ ಕಳಿಸುವುದು ವಾಡಿಕೆ. ಅಕ್ಕನ ಕೈಯಡುಗೆ ಬಿಟ್ಟು ಬೇರೆ ಕಾಣದ ಲಾತಿಪ್ ಅವರಿಗೆ ಈ ಚೀಟಿ ವ್ಯವಹಾರದ ಪರಿಚಯವೇ ಇರಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ಮೂರು ಅಂತಸ್ತಿನ ಕ್ಯಾರಿಯರ್ ಬಂತು. ಕೆಳಗೆ ದುರಿಯಾನ್ ಹಣ್ಣಿನ ಹುಳಿಯಲ್ಲಿ ಬೇಯಿಸಿದ ಪಾತಿನ್ ಮೀನು, ನಡುವೆ ಅನ್ನ, ಮೇಲೆ ಬಿದಿರಿನ ಕಳಲೆ.

ಲಾತಿಪ್ ಅವರು ಕ್ಯಾರಿಯರಿನ ಮುಂದೆ ಹತ್ತು ನಿಮಿಷ ಕೈಮುಗಿದಂತೆ ಕುಳಿತಿದ್ದರು. ಪಕ್ಕದ ಮನೆಯಿಂದ ಅಕ್ಕ ಸಾರಿದಾ ಅನ್ನದ ಪಾತ್ರೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

"ಇದೇನೋ ಇದು?"

"ಉತ್ತರ ಬಂದಿದೆ ಅಕ್ಕ."

"ಉತ್ತರಾನಾ? ಮೀನು ಅಲ್ವಾ ಇದು? ಇಪ್ಪತ್ತಾರು ವರ್ಷದಿಂದ ನನ್ನ ಕೈಯಡುಗೆ ತಿಂದು, ಈಗ ಆಚೆ ದಡದಿಂದ ತರಿಸ್ಕೊಳ್ಳೋ ಹಂಗಾಯ್ತಾ? ನನ್ನ ಸಾರಿಗೆ ಏನಾಗಿತ್ತು ಹೇಳು."

ಲಾತಿಪ್ ಅವರು ವಿಷಯ ಬಿಡಿಸಿ ಹೇಳಬೇಕಾಯಿತು. ಸಾರಿದಾ ಪಾತ್ರೆ ಕೆಳಗಿಟ್ಟು ಪೂರ್ತಿ ಕೇಳಿದಳು.

"ಅಲ್ಲಾ ಕಣೋ, ಹೇಳೋದೇ ಆದ್ರೆ ನಾಲ್ಕು ಸಾಲೂ ಬರೀಬಾರದಾ?"

"ಪೂರ್ತಿ ಹೇಳೋನು ವ್ಯಾಪಾರಿ ಅಕ್ಕ. ಪ್ರೀತಿಸೋನು ಅರ್ಧ ಹೇಳ್ತಾನೆ."

"ಹಂಗಾದ್ರೆ ಅರ್ಧ ಹೊಟ್ಟೇನೇ ತುಂಬ್ತದೆ ನಿಂಗೆ," ಎಂದು ಸಾರಿದಾ ತನ್ನ ಅನ್ನದ ಪಾತ್ರೆಯನ್ನು ವಾಪಸು ಎತ್ತಿಕೊಂಡು ಹೋದಳು. ಅಂದಿನಿಂದ ತಮ್ಮನಿಗೆ ಅಡುಗೆ ಮಾಡುವುದನ್ನು ನಿಲ್ಲಿಸಿದಳು.

ಉತ್ತರದ ಅರ್ಥ ತಿಳಿಯಬೇಕಿತ್ತು. ಲಾತಿಪ್ ಅವರು ಕ್ಯಾರಿಯರನ್ನು ಹಾಗೇ ಮುಚ್ಚಿಕೊಂಡು ಊರಿನ ಮುಖ್ಯಸ್ಥರಾದ ಪೆಂಗುಲು ಹಾಶಿಂ ಅವರ ಮನೆಗೆ ಹೋದರು. ಪೆಂಗುಲು ಅವರಿಗೆ ಪದ್ಧತಿ ಸಂಪ್ರದಾಯಗಳಲ್ಲಿ ತಮ್ಮಷ್ಟು ತಿಳಿದವರು ಜಿಲ್ಲೆಯಲ್ಲೇ ಇಲ್ಲವೆಂಬ ದೃಢ ನಂಬಿಕೆ. ಅವರು ಕನ್ನಡಕ ಹಾಕಿಕೊಂಡು ಮೀನಿನ ಹೋಳನ್ನು ಚಮಚದಿಂದ ಮಗುಚಿ ಪರೀಕ್ಷಿಸಿದರು.

"ತಲೆ ಭಾಗ ಕಳಿಸಿದಾಳೆ ನೋಡಿ. ಬಾಲ ಕಳಿಸಿಲ್ಲ. ಇದು ಚಿಕ್ಕ ವಿಷಯ ಅಲ್ಲ."

"ಅಂದ್ರೆ?"

"ಮನೆಗೆ ತಲೆಯಾಗಿ ಬನ್ನಿ ಅಂತ. ಬೇರೆ ಏನಿರೋಕೆ ಸಾಧ್ಯ? ಒಂಚೂರು ರುಚಿ ನೋಡ್ತೀನಿ, ಅರ್ಥ ಇನ್ನೂ ಸ್ಪಷ್ಟ ಆಗಬಹುದು."

ಅರ್ಥ ಸ್ಪಷ್ಟವಾಗುವ ಹೊತ್ತಿಗೆ ಮೀನು ಮುಗಿದಿತ್ತು.

ಆ ಮೇಲೆ ವಾರಕ್ಕೆರಡರಂತೆ ನೆರಳುಗಳು ದೋಣಿ ಹತ್ತಿದವು. "ಹಲಸಿನ ಬೀಜ ಹುರಿದರೆ ಚೆನ್ನ, ಹುರಿಯಲು ಉಪ್ಪು ಹೆಚ್ಚಿರಲಿ" ಎಂದು ಬರೆದರೆ ಹುರಿದ ಹಲಸಿನ ಬೀಜ ಬಂತು, ಜೊತೆಗೆ ಬಾಳೆಲೆಯಲ್ಲಿ ಕಟ್ಟಿದ ಒಂದು ಹಿಡಿ ಉಪ್ಪು. ಉಪ್ಪು ಬೇರೆ ಕಟ್ಟಿದ್ದಾಳೆಂದರೆ ಬೆರೆಯುವ ಕೆಲಸ ಇನ್ನೂ ಬಾಕಿಯಿದೆಯೆಂದು ಪೆಂಗುಲು ಅವರು ವ್ಯಾಖ್ಯಾನ ಮಾಡಿದರು. ಕುಂಬಳಕಾಯಿ ಬಂತು, ಬಾತುಕೋಳಿ ಮೊಟ್ಟೆ ಬಂತು, ಒಂದು ಸಲ ಪ್ರಾಸಕ್ಕೆ ಬೇರೇನೂ ಸಿಕ್ಕಲಿಲ್ಲವೆಂದು ಹಾಗಲಕಾಯಿ ಹಾಕಿದ್ದಕ್ಕೆ ಬರೀ ಹಾಗಲಕಾಯಿಯೇ ಬಂತು. ಲಾತಿಪ್ ಅವರಿಗೆ ಹಾಗಲಕಾಯಿ ಸೇರದು. ಪ್ರೇಮದಲ್ಲಿ ಕಹಿಯೂ ಉಂಟೆಂದು ಎರಡು ಹೋಳು ನುಂಗಿ ಉಳಿದದ್ದನ್ನು ಹಾಗೇ ಕಳಿಸಿದರು. ಪೆಂಗುಲು ಅವರು ಅರ್ಥ ಹೇಳಲು ಊಟದ ಹೊತ್ತಿಗೆ ತಪ್ಪದೆ ಬರತೊಡಗಿದರು.

ನಾಲ್ಕನೆಯ ತಿಂಗಳಲ್ಲಿ ಲಾತಿಪ್ ಅವರು ತಿನ್ನುವ ಪದಾರ್ಥಗಳನ್ನು ಬಿಟ್ಟು ಮೇಲಿನ ಮಟ್ಟದ ಕಾವ್ಯಕ್ಕೆ ಏರಿದರು. "ಮನೆಮೆಟ್ಟಿಲಲಿ ಹಲಗೆಗಳೆರಡು ಮುರಿದಿವೆ, ಬಡಗಿಯು ಬರಬೇಕು" ಎಂದು ಬರೆದರು.

ಮರುದಿನ ಬೆಳಿಗ್ಗೆ ಆಚೆ ದಡದ ಬಡಗಿ ಮಾತ್ ಪಿಯಾ ಗರಗಸ, ಸುತ್ತಿಗೆ, ಎರಡು ಹೊಸ ಹಲಗೆ ಸಮೇತ ಬಂದು ನಿಂತ. ಮೆಟ್ಟಿಲನ್ನು ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಎರಡು ಸಲ ತಟ್ಟಿ ನೋಡಿದ.

"ಮುರಿದಿರೋದು ಯಾವುದು ಪಾಕ್ ಲಾತಿಪ್?"

"ಯಾವುದೂ ಇಲ್ಲಪ್ಪಾ. ಅದು ನೆರಳು."

"ಅದೆಲ್ಲಾ ನಂಗೊತ್ತಿಲ್ಲ. ಎರಡು ಹಲಗೆ ಹಾಕಿ ಬಾ, ವಯಸ್ಸಾದೋರು, ಜಾರಿಬಿದ್ದು ಸೊಂಟ ಮುರ್ಕೊಂಡಾರು ಅಂತ ಕಾಕ್ ರುಬಿಯಾ ಹೇಳವ್ರೆ. ಹಾಕ್ದೆ ಹೋದ್ರೆ ನಂಗೆ ಅಲ್ಲಿ ಅನ್ನ ಇಲ್ಲ."

ಹೀಗೆಂದು ಗಟ್ಟಿಯಾಗಿದ್ದ ಎರಡು ಹಲಗೆಗಳನ್ನು ಕಿತ್ತು ಹೊಸದನ್ನು ಹಾಕಿ ಹೋದ. ಪೆಂಗುಲು ಅವರು ಹೊಸ ಹಲಗೆಗಳ ಮೇಲೆ ನಿಂತು ನೋಡಿ, "ಮೆಟ್ಟಿಲು ಭದ್ರ ಮಾಡಿಸ್ತಾ ಇದಾಳೆ ಅಂದ್ರೆ ಹತ್ತಿ ಬರೋ ಯೋಚನೆ ಇದೆ ಅಂತ ತಾನೇ? ಇನ್ನು ತಡ ಮಾಡಬೇಡಿ" ಎಂದರು.

ತಡಮಾಡುವಂತೆಯೂ ಇರಲಿಲ್ಲ. ವರ್ಷದ ಕೊನೆಗೆ ಎರಡೇ ತಿಂಗಳಿತ್ತು, ರುಬಿಯಾ ಅಂಗಡಿಯ ದೊಡ್ಡ ಹಂಡೆಯನ್ನು ಆಗಲೇ ಮಾರಿದ್ದಾಳೆಂದು ತೋಕ್ ದೆರಾಮಾನ್ ಹೇಳಿದ್ದ. ಲಾತಿಪ್ ಅವರು ತಮ್ಮ ಸಂಕೋಚವನ್ನೆಲ್ಲ ಬದಿಗಿಟ್ಟು, ಇದಕ್ಕಿಂತ ಬಿಚ್ಚಿ ಹೇಳುವುದು ಸಭ್ಯರಿಗೆ ಸಾಧ್ಯವಿಲ್ಲವೆಂಬಂಥ ಒಂದು ನೆರಳನ್ನು ಕಟ್ಟಿ ಕಳಿಸಿದರು:

ಗುಡ್ಡದ ಹಿಂದೆ ಹೊಗೆಯೆದ್ದಿಹುದು,
ಗಾಳಿಗೆ ಬೆಂಕಿ ಹಬ್ಬುತಿದೆ

ಆ ವರ್ಷ ಮಳೆ ಹಿಂದಾಗಿತ್ತು. ಊರ ಹಿಂದಿನ ಗುಡ್ಡದಲ್ಲಿ ರಬ್ಬರ್ ತೋಟಗಳು ಒಣಗಿ ನಿಂತಿದ್ದವು. ಚೀಟಿ ಹೋಗಿ ಅರ್ಧ ಗಂಟೆಯೂ ಆಗಿರಲಿಲ್ಲ, ಲಾತಿಪ್ ಅವರು ಜಗುಲಿಯಲ್ಲಿ ಕುಳಿತು ಇಂದು ಏನು ಉತ್ತರ ಬರಬಹುದೆಂದು ನದಿಯ ಕಡೆ ನೋಡುತ್ತಿದ್ದರು. ಮೊದಲು ಕಾಣಿಸಿದ್ದು ತೋಕ್ ದೆರಾಮಾನನ ದೋಣಿ, ಅದರಲ್ಲಿ ನಿಂತುಕೊಂಡೇ ಬರುತ್ತಿದ್ದ ರುಬಿಯಾ. ಅವಳ ಎರಡು ಕೈಯಲ್ಲಿ ಎರಡು ಬಕೆಟ್ಟು, ಹೆಗಲ ಮೇಲೆ ನೆನೆಸಿದ ಗೋಣಿಚೀಲ. ದೋಣಿ ದಡ ಮುಟ್ಟುವ ಮೊದಲೇ ಇಳಿದು ಮಂಡಿಯವರೆಗಿನ ನೀರಿನಲ್ಲಿ ನಡೆದು ಬಂದಳು. ಅವಳ ಹಿಂದೆಯೇ, ಕೆಳಗಿನ ಸೇತುವೆ ಸುತ್ತಿಕೊಂಡು, ಅವಳು ಫೋನ್ ಮಾಡಿ ಕರೆಸಿದ ಅಗ್ನಿಶಾಮಕ ದಳದ ಕೆಂಪು ಲಾರಿ ಗಂಟೆ ಬಾರಿಸುತ್ತಾ ಬಂತು. ಅದರ ಹಿಂದೆ ಶಾಲೆಯ ಮೇಷ್ಟ್ರುಗಳು, ನರ್ಸು, ಮಿಲ್ಲಿನವರು, ಸಾರಿದಾ, ಪೆಂಗುಲು ಅವರು, ಬಡಗಿ ಮಾತ್ ಪಿಯಾ. ಊರಿನಲ್ಲಿ ಕಾಲಿದ್ದವರು ಯಾರೂ ಹಿಂದುಳಿಯಲಿಲ್ಲ.

ದಳದ ಸಾರ್ಜೆಂಟ್ ವಹಾಬ್ ಕಡಿಮೆ ಮಾತಿನ ಮನುಷ್ಯ. ಗುಡ್ಡವನ್ನು ಒಮ್ಮೆ ನೋಡಿ, ಲಾತಿಪ್ ಅವರನ್ನು ಒಮ್ಮೆ ನೋಡಿ, ಕಿಸೆಯಿಂದ ಮುದ್ರಿತ ಫಾರಂ ತೆಗೆದ.

"ಬೆಂಕಿ ಎಲ್ಲಿ?"

"ಬೆಂಕಿ ಇಲ್ಲ."

"ಹೊಗೆ?"

"ಹೊಗೇನೂ ಇಲ್ಲ. ಅದು ನೆರಳು."

"ಯಾವುದರ ನೆರಳು?"

ಪೆಂಗುಲು ಅವರು ಮುಂದೆ ಬಂದು ಗಂಟಲು ಸರಿಮಾಡಿಕೊಂಡು, "ಸಾರ್ಜೆಂಟ್, ಇದು ಸಂಪ್ರದಾಯದ ವಿಷಯ. ಪಂತುನ್‌ನ ಅರ್ಧ" ಎಂದರು.

ತೋಕ್ ದೆರಾಮಾನ್ ಟೋಪಿಯಿಂದ ತೆಗೆದುಕೊಟ್ಟ ಚೀಟಿಯನ್ನು ಸಾರ್ಜೆಂಟ್ ಎರಡು ಸಲ ಓದಿದ. ಅವನೂ ಆ ಸೀಮೆಯವನೇ. ಮುಖದಲ್ಲಿ ಏನೂ ತೋರಿಸದೆ ಫಾರಂನ ಮೇಲೆ ಪೆನ್ನು ಇಟ್ಟ.

"ಎಂಟು ಮೈಲಿಯಿಂದ ಲಾರಿ ತಂದಿದೀನಿ. ಕಾರಣ ಬರೀದೆ ವಾಪಸ್ ಹೋಗೋಕಾಗಲ್ಲ. ಅರ್ಧ ಹೇಳಿಕೆ ನಮ್ಮಲ್ಲಿ ದಾಖಲಾಗಲ್ಲ ಪಾಕ್. ಉಳಿದ ಎರಡು ಸಾಲು ಹೇಳಿ."

"ಇಲ್ಲೇನಾ?"

"ಇಲ್ಲೇ."

ದಡದ ಮೇಲೆ ಜನ ಇನ್ನಷ್ಟು ಹತ್ತಿರ ಸರಿದರು. ರುಬಿಯಾ ಬಕೆಟ್ಟುಗಳನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಲಾತಿಪ್ ಅವರು ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ನೆಲ ನೋಡುತ್ತಾ ಅಂಚೆ ಕಚೇರಿಯಲ್ಲಿ ವಿಳಾಸ ಓದುವ ಧ್ವನಿಯಲ್ಲಿ ಹೇಳಿದರು:

"ವಯಸಿನ ಗುಟ್ಟು ಎದೆಯಲ್ಲಿಹುದು,
ಹೇಳದೆ ಉಸಿರೇ ಕಟ್ಟುತಿದೆ."

"ಯಾರಿಗೆ ಹೇಳದೆ?" ಎಂದ ಸಾರ್ಜೆಂಟ್.

ಲಾತಿಪ್ ಅವರು ಬೆರಳು ತೋರಿಸಲಿಲ್ಲ. ಆದರೆ ಊರಿನವರೆಲ್ಲ ಒಟ್ಟಿಗೆ ರುಬಿಯಾಳ ಕಡೆ ತಿರುಗಿದರು. ಸಾರ್ಜೆಂಟ್ ಅದನ್ನು ಗಮನಿಸಿ, "ಹೊಗೆಯ ಕಾರಣ" ಎಂಬಲ್ಲಿ "ವೈಯಕ್ತಿಕ" ಎಂದು ಬರೆದು, ಲಾತಿಪ್ ಅವರಿಂದ ಸಹಿ ಹಾಕಿಸಿಕೊಂಡು, ಲಾರಿ ತಿರುಗಿಸಿದ. ಹತ್ತುವ ಮೊದಲು ಮಾತ್ರ, "ಪ್ರಾಸ ಚೆನ್ನಾಗಿದೆ" ಎಂದು ಮೆಲ್ಲಗೆ ಹೇಳಿದ.

ರುಬಿಯಾ ಬಕೆಟ್ಟುಗಳನ್ನು ಕೆಳಗಿಟ್ಟಳು. ಅವಳು ಲುಂಗಿಯಂತೆ ಉಟ್ಟಿದ್ದ ಉದ್ದದ ಸಾರೋಂಗಿನಿಂದ ನೀರು ಇಳಿಯುತ್ತಿತ್ತು.

"ಬಾಂಗ್ ಲಾತಿಪ್, ಆ ಮೀನೂ ಇದೇನಾ?" ಎಂದಳು, ಬಾಂಗ್ ಎಂಬ ಮರ್ಯಾದೆಯ ಮಾತು ಬಿಡದೆ.

"ಹೂಂ."

"ಹಲಸಿನ ಬೀಜ? ಬಡಗಿ?"

"ಎಲ್ಲಾ ಇದೇ."

"ನಾಲ್ಕು ತಿಂಗಳು ನಾನು ಊಟ ಕೇಳ್ತಾ ಇದೀರಿ ಅಂದ್ಕೊಂಡಿದ್ದೆ. ನನ್ನ ಮಗಳ ಮದುವೇಲಿ ಒಂದು ಶಾಲೂ ತಗೊಳ್ದೆ ಮಾತಾಡಿಕೊಟ್ಟೋರು, ಒಂಟಿ ಮನುಷ್ಯ, ಬಾಯಿಬಿಟ್ಟು ಕೇಳೋಕೆ ನಾಚಿಕೆ ಅಂತ ಮಾಡ್ಕೊಂಡು ಕಳಿಸ್ದೆ. ಪ್ರಾಸ ಇತ್ತು, ನಿಜ. ಓದಿದೋರು, ಅನ್ನ ಕೇಳೋದೂ ಪ್ರಾಸದಲ್ಲೇ ಕೇಳ್ತಾರೆ ಅಂದ್ಕೊಂಡೆ."

ಜನರಲ್ಲಿ ಯಾರೋ ನಕ್ಕರು. ಸಾರಿದಾ ತಿರುಗಿ ನೋಡಿದ್ದರಿಂದ ನಗು ನಿಂತಿತು. ರುಬಿಯಾ ನಗುತ್ತಿರಲಿಲ್ಲ.

"ನೀವು ಹಾಗಲಕಾಯಿ ತಿನ್ನಲ್ಲ ಅಂತ ನಂಗೊತ್ತು. ಬಲಗಡೆ ದವಡೇಲಿ ಮಾತ್ರ ಅಗೀತೀರಿ, ಮುಳ್ಳು ಉಳಿಸೋ ರೀತಿ ನೋಡಿದ್ರೆ ತಿಳೀತದೆ. ಮೊಟ್ಟೆ ಹಳದಿ ತಿಂದು ಬಿಳೀದು ಉಳಿಸ್ತೀರಿ. ಡಬ್ಬಿ ಮುಚ್ಚಳ ಸರಿಯಾಗಿ ಹಾಕೋಕೆ ಬರಲ್ಲ. ತೊಳೆಯೋ ಪಾತ್ರೇಲಿ ನಾನು ಇಷ್ಟು ಓದಿದೀನಿ. ನನ್ನ ಬಗ್ಗೆ ನಿಮಗೊಂದು ಗೊತ್ತಿದ್ರೆ ಹೇಳಿ."

ಲಾತಿಪ್ ಅವರು ಬಾಯಿ ತೆರೆದರು. ಬಾಯಿಗೆ ಬಂದದ್ದು, "ನಿಮ್ಮ ಮುಖ ಹುಣ್ಣಿಮೆ ಚಂದ್ರ" ಎಂಬುದು.

"ಅದನ್ನ ಯಾರಿಗೆ ಬೇಕಾದ್ರೂ ಹೇಳಬಹುದು. ಆಚೆ ದಡದಲ್ಲಿ ಇನ್ನೂ ಆರು ಜನ ವಿಧವೆಯರಿದಾರೆ. ಚೀಟಿ ಮೇಲೆ ಅವರ ಹೆಸರು ಬರೆದ್ರೂ ನಡೀತಿತ್ತು," ಎಂದು ರುಬಿಯಾ ಬಕೆಟ್ಟು ಎತ್ತಿಕೊಂಡು ದೋಣಿ ಹತ್ತಿದಳು.

ಲಾತಿಪ್ ಅವರ ಮೂವತ್ತು ವರ್ಷದ ಗೌರವ ಅಂದು ಒಂದೇ ಗಂಟೆಯಲ್ಲಿ ನದಿಪಾಲಾಯಿತು. ಅದಕ್ಕಿಂತ ಹೆಚ್ಚು ನೋವಾದದ್ದು, ಅವಳು ಕೇಳಿದ್ದಕ್ಕೆ ಉತ್ತರವಿರಲಿಲ್ಲವೆಂಬುದು. ಸಾರಿದಾ ಅಂದು ತಾನಾಗಿಯೇ ಅನ್ನ ತಂದಿಟ್ಟಳು. ಪೆಂಗುಲು ಅವರು ಊಟದ ಹೊತ್ತಿಗೆ ಬಂದು, ಬಕೆಟ್ಟು ಎರಡಿದ್ದುದರ ಅರ್ಥ ಹೇಳಲು ಹೊರಟರು. ಲಾತಿಪ್ ಅವರು ಮೊಟ್ಟಮೊದಲ ಬಾರಿಗೆ ಅವರನ್ನು ತಡೆದರು.

"ತೋಕ್ ಪೆಂಗುಲು, ಅವರು ಬೆಂಕಿ ಆರಿಸೋಕೆ ಬಂದಿದ್ರು. ಅಷ್ಟೇ ಅರ್ಥ."

ಮರುದಿನ ಬೆಳಿಗ್ಗೆ ಎಂಟರ ದೋಣಿಯಲ್ಲಿ ಲಾತಿಪ್ ಅವರು ಆಚೆ ದಡಕ್ಕೆ ಹೋದರು. ಅಂಗಡಿಯ ಮುಂದೆ ನಿಂತು, "ನಂಗೆ ನಿಮ್ಮ ಬಗ್ಗೆ ಏನೂ ಗೊತ್ತಿಲ್ಲ" ಎಂದರು.

"ಅದು ನಿನ್ನೇನೇ ಗೊತ್ತಾಯ್ತಲ್ಲ," ಎಂದಳು ರುಬಿಯಾ, ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸದೆ.

"ಏನಾದ್ರೂ ಕೆಲಸ ಇದ್ರೆ ಕೊಡಿ."

ಅವಳು ಚಾಕುವಿನ ತುದಿಯಿಂದ ಹಿಂದಿನ ಬಚ್ಚಲನ್ನು ತೋರಿಸಿದಳು. ಅಲ್ಲಿ ನಿನ್ನೆಯ ಇಪ್ಪತ್ತು ಕ್ಯಾರಿಯರುಗಳಿದ್ದವು.

ಹೀಗೆ ಪಾಸಿರ್ ಲೆಬಾರಿನ ಪ್ರೇಮಶಾಸ್ತ್ರದ ಅಧಿಕೃತ ಪಂಡಿತರು ಪಾತ್ರೆ ತೊಳೆಯಲು ಕುಳಿತರು. ಮೊದಲ ವಾರ ಒಂದು ಡಬ್ಬಿಯ ಮುಚ್ಚಳ ಇನ್ನೊಂದಕ್ಕೆ ಹೋಗಿ, ನರ್ಸಿನ ಊಟ ಮಿಲ್ಲಿಗೂ ಮಿಲ್ಲಿನ ಊಟ ಶಾಲೆಗೂ ಹೋಯಿತು. ಹೆಡ್‌ಮೇಷ್ಟ್ರು ಇದರಲ್ಲೇನಾದರೂ ಅರ್ಥವಿದೆಯೇ ಎಂದು ಹೇಳಿ ಕಳಿಸಿದರು. ಎರಡನೆಯ ವಾರಕ್ಕೆ ಮುಚ್ಚಳ ಕೂಡಿಕೊಂಡವು. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಕೈ ಒರೆಸಿಕೊಂಡು, ಅಕ್ಕ ಅನ್ನ ಮಾಡಿ ಕಾಯುತ್ತಿರುತ್ತಾಳೆಂದು, ಎರಡರ ದೋಣಿಗೆ ವಾಪಸಾಗುತ್ತಿದ್ದರು. ರುಬಿಯಾ ಬನ್ನಿ ಎನ್ನಲಿಲ್ಲ. ಬರಬೇಡಿ ಎಂದೂ ಹೇಳಲಿಲ್ಲ.

ಒಂದು ದಿನ ಪೆಂಗುಲು ಅವರೇ ಬಚ್ಚಲಿನವರೆಗೆ ಬಂದರು. ತಂಗಿಯ ಮಗನಿಗೆ ಹೆಣ್ಣು ಕೇಳಲು ಹೋಗುವುದಿತ್ತು.

"ಒಂದು ಪಂತುನ್ ಕೊಡಿ ಲಾತಿಪ್. ಹುಡುಗಿ ಕರಗಿಬಿಡಬೇಕು, ಅಂಥದ್ದು."

ಲಾತಿಪ್ ಅವರು ಸೋಪಿನ ನೊರೆಯಿಂದ ಕೈ ಎತ್ತಲಿಲ್ಲ. "ಆ ಹುಡುಗಿಗೆ ಖಾರ ಸೇರ್ತದಾ?"

"ಅದ್ಯಾಕೆ ಬೇಕು?"

"ಹುಡುಗನಿಗೆ ಗೊತ್ತಿದೆಯಾ ಕೇಳಿ."

"ಏನ್ರೀ ಇದು, ನಾನು ಕಾವ್ಯ ಕೇಳಿದ್ರೆ ನೀವು ಮೆಣಸಿನಕಾಯಿ ಮಾತಾಡ್ತೀರಿ," ಎಂದು ಪೆಂಗುಲು ಅವರು ಬೇಸರದಿಂದ ಹೊರಟರು. ಲಾತಿಪ್ ಕೆಟ್ಟುಹೋದರೆಂದು ಊರೆಲ್ಲ ಹೇಳಿದರು. ಹಾಗೆ ಹೇಳುತ್ತಲೇ, ದಿನ ಕಳೆದಂತೆ, ಮತ್ತೊಂದು ವಿಷಯವೂ ಅವರ ಬಾಯಿಗೆ ಬಂತು: ವರ್ಷ ಮುಗಿಯಲು ಇನ್ನು ಒಂಬತ್ತೇ ದಿನ, ರುಬಿಯಾ ಬೆಂಚುಗಳನ್ನೂ ಮಾರಲು ಗಿರಾಕಿ ಹುಡುಕುತ್ತಿದ್ದಾಳೆ.

ಸಾರಿದಾಳಿಗೆ ಇದನ್ನು ತಡೆಯಲಾಗಲಿಲ್ಲ. ಹೇಗಾದರೂ ಆಗಲಿ, ಕೇಳುವ ಶಾಸ್ತ್ರವನ್ನಾದರೂ ಕೇಳಿಬಿಡೋಣವೆಂದು ವೀಳ್ಯದೆಲೆಯ ತಟ್ಟೆ ಸಿದ್ಧಮಾಡಿ ತಮ್ಮನನ್ನು ಎಬ್ಬಿಸಿದಳು. ಗಂಡಿನ ಕಡೆ ಮಾತಾಡುವವರೇ ಗಂಡಾದ್ದರಿಂದ ಬೇರೊಬ್ಬರು ಬೇಕಾಯಿತು. ಪೆಂಗುಲು ಅವರು ರಾಜಿಯಾಗಿ, ಒಂದು ಹಳೆಯ ಪಂತುನ್ ಬಾಯಿಪಾಠ ಮಾಡಿಕೊಂಡು, ಜರಿಯಂಚಿನ ಪಂಚೆ ಸುತ್ತಿಕೊಂಡು ಬಂದರು. ಮಧ್ಯಾಹ್ನ ಒಂದೂವರೆಗೆ, ಗಿರಾಕಿಗಳೆಲ್ಲ ಹೋದ ಮೇಲೆ, ಮೂವರೂ ಅಂಗಡಿಯ ಬೆಂಚಿನ ಮೇಲೆ ಸಾಲಾಗಿ ಕುಳಿತರು. ರುಬಿಯಾ ಎದುರಿಗೆ ನಿಂತು ಕೈ ಒರೆಸಿಕೊಂಡಳು.

ಪೆಂಗುಲು ಅವರು ಎದ್ದು, ನೆರಳಿನ ಎರಡು ಸಾಲನ್ನು ಅಂಗಡಿ ನಡುಗುವಂತೆ ಹೇಳಿದರು. ಆ ಮೇಲೆ ನಿಂತರು. ತೊಲೆ ನೋಡಿದರು. ತಟ್ಟೆ ನೋಡಿದರು. ಮತ್ತೆ ಅವೇ ಎರಡು ಸಾಲನ್ನು ಇನ್ನೂ ಜೋರಾಗಿ ಹೇಳಿದರು.

"ಮುಂದೆ?" ಎಂದಳು ರುಬಿಯಾ.

"ಮುಂದಿನದು ದೋಣಿ ಹತ್ತೋವರೆಗೂ ಇತ್ತು," ಎಂದರು ಪೆಂಗುಲು ಅವರು.

"ಪಂತುನ್ ಬೇಡ. ಕೇಳೋರು ಅವರಾದ್ರೆ ಅವರೇ ಮಾತಾಡ್ಲಿ."

ಲಾತಿಪ್ ಅವರು ಎದ್ದು ನಿಂತರು. ಪಾತ್ರೆ ತೊಳೆದು ಅವರ ಬೆರಳ ತುದಿಗಳು ಬಿಳಿಚಿ ಸುಕ್ಕಾಗಿದ್ದವು. ಪ್ರಾಸವಿಲ್ಲದೆ ಮಾತಾಡಿ ಅಭ್ಯಾಸವಿಲ್ಲದ್ದರಿಂದ ನಡುನಡುವೆ ನಿಂತು ನಿಂತು ಹೇಳಿದರು.

"ನಿಮಗೆ ಎಡಗಿವಿ ಅಷ್ಟಾಗಿ ಕೇಳಿಸಲ್ಲ. ಆ ಕಡೆಯಿಂದ ಕರೆದ್ರೆ ತಿರುಗಲ್ಲ, ಜನ ನಿಮ್ಮನ್ನ ಜಂಬದೋಳು ಅಂತಾರೆ. ನಾನೀಗ ಬಲಗಡೆ ಬಂದು ಮಾತಾಡ್ತೀನಿ. ದೋಣಿ ಮೆಟ್ಟಿಲು ಇಳಿಯೋವಾಗ ಅಡ್ಡಡ್ಡ ಇಳೀತೀರಿ, ಬಲ ಮಂಡಿ ನೋವು. ಗುಡುಗಿದ್ರೆ ಸುಮ್ಮನಾಗಿಬಿಡ್ತೀರಿ, ಆಮೇಲೆ ಒಂದು ಗಂಟೆ ಯಾರ ಜೊತೇನೂ ಮಾತಾಡಲ್ಲ. ಯಾಕೆ ಅಂತ ಗೊತ್ತಿಲ್ಲ, ಕೇಳಿಲ್ಲ. ಮಗಳ ಫೋನ್ ಬಂದ ದಿನ ಅನ್ನ ಹೆಚ್ಚು ಮಾಡ್ತೀರಿ, ಯಾರಿಗೆ ಅಂತ ನಿಮಗೇ ಗೊತ್ತಿರಲ್ಲ. ಇನ್ನೊಂದು, ನಿಮಗೆ ಹಸಿವು ಬಹಳ ಕಡಿಮೆ. ಇಷ್ಟು ಜನಕ್ಕೆ ಬಡಿಸ್ತೀರಿ, ಎರಡು ಗಂಟೆಗೆ ನಾನು ಹೊರಡೋವರೆಗೂ ನೀವು ಒಂದು ತುತ್ತು ತಿಂದಿದ್ದು ನಾನು ನೋಡಿಲ್ಲ. ಇಷ್ಟೇ ನಂಗೆ ಗೊತ್ತಿರೋದು. ನೀವು ಇಪೋಗೆ ಹೋದ್ರೆ ಇನ್ನೂ ತಿಳ್ಕೊಳ್ಳೋಕಾಗಲ್ಲ. ಅದಕ್ಕೆ ಹೋಗಬೇಡಿ ಅಂತ ಕೇಳ್ತಾ ಇದೀನಿ."

ಸಾರಿದಾ ಕಣ್ಣೊರೆಸಿಕೊಂಡಳು. ಪೆಂಗುಲು ಅವರು ಸಂಪ್ರದಾಯದಲ್ಲಿ ಇದಕ್ಕೇನು ಹೆಸರೆಂದು ಹುಡುಕುತ್ತಾ ತಬ್ಬಿಬ್ಬಾಗಿ ಕುಳಿತಿದ್ದರು.

ರುಬಿಯಾ ಕೈಯೊರೆಸಿದ ಬಟ್ಟೆಯನ್ನು ಮಡಿಸಿ ಬೆಂಚಿನ ತುದಿಗಿಟ್ಟಳು.

"ಒಂದು ತಪ್ಪು ಹೇಳಿದ್ರಿ," ಎಂದಳು ಆ ಮೇಲೆ.

"ಯಾವುದು?"

"ಹಸಿವು ಕಡಿಮೆ ಅಂತ ಯಾರು ಹೇಳಿದ್ದು? ಒಬ್ಬಳೇ ಕೂತು ಉಣ್ಣೋಕೆ ನಂಗಾಗಲ್ಲ. ಹನ್ನೊಂದು ವರ್ಷದಿಂದ ಸಂಜೆ ನಿಂತ್ಕೊಂಡೇ ಎರಡು ತುತ್ತು ನುಂಗಿ ಮಲಗೋದು. ನೀವು ಪಾತ್ರೆ ತೊಳೆಯೋಕೆ ಬಂದ ದಿನದಿಂದ, ಇವತ್ತು ಇಲ್ಲೇ ಉಣ್ತೀನಿ ಅಂತಾರೇನೋ ಅಂತ ನಾನೂ ಕಾಯ್ತಿದ್ದೆ. ನೀವು ದಿನಾ ಎರಡು ಗಂಟೆ ದೋಣಿಗೆ ಎದ್ದು ಹೋದ್ರಿ."

ಲಾತಿಪ್ ಅವರು ಅಕ್ಕನ ಕಡೆ ನೋಡಿದರು. ಸಾರಿದಾ ಆಗಲೇ ಎದ್ದು ನಿಂತಿದ್ದಳು.

"ಏಳಿ ತೋಕ್ ಪೆಂಗುಲು. ದೋಣಿ ಹೊರಡ್ತದೆ. ನಮ್ಮನೇಲಿ ಅನ್ನ ಇದೆ, ಇವತ್ತು ನೀವು ತಿನ್ನಿ."

"ಉತ್ತರ ಏನು ಅಂತ ಇನ್ನೂ ಗೊತ್ತಾಗಲಿಲ್ಲವಲ್ಲ," ಎಂದರು ಪೆಂಗುಲು ಅವರು.

"ನೀವು ಅರ್ಥ ಹೇಳಿದ್ದು ಸಾಕು, ನಡೀರಿ," ಎಂದು ಸಾರಿದಾ ಅವರ ತೋಳು ಹಿಡಿದು ಕರೆದುಕೊಂಡು ಹೋದಳು.

ರುಬಿಯಾ ಎರಡು ತಟ್ಟೆ ತಂದು ಬೆಂಚಿನ ಮೇಲೆ ಎದುರುಬದುರು ಇಟ್ಟಳು. ಅನ್ನ ತಣ್ಣಗಾಗಿತ್ತು, ಮೀನಿನ ಸಾರಿನಲ್ಲಿ ತಳದ ಹೋಳುಗಳು ಮಾತ್ರ ಉಳಿದಿದ್ದವು. ಲಾತಿಪ್ ಅವರು ಕೈ ತೊಳೆದುಕೊಂಡು, ಅವಳ ಬಲಗಿವಿಯ ಕಡೆಗೆ ಬರುವಂತೆ ಸ್ವಲ್ಪ ಸರಿದು ಕುಳಿತರು. ಇಬ್ಬರೂ ಉಂಡರು. ರುಬಿಯಾ ಅಂದು ಮೂರು ಸಲ ಅನ್ನ ಬಡಿಸಿಕೊಂಡಳು.